ಬಾನುಲಿ ಕಚೇರಿಯ ಪಾಠಾಂತರಗಳು

1978ನೆಯ ಇಸವಿಯ ಆಗಸ್ಟ್ 9ರ ರಾತ್ರಿ, ಅಮೆರಿಕದ ಓಹಾಯೋ ಸಂಸ್ಥಾನದ ಕ್ಲೀವ್‌ಲ್ಯಾಂಡ್ ನಗರದಲ್ಲಿ, ಅಗೋರಾ ಎಂಬ ಹೆಸರಿನ, ಅಷ್ಟೇನೂ ವಿಶಾಲವಲ್ಲದ ಸಭಾಂಗಣವೊಂದರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರೂ ಅವರ ಇ ಸ್ಟ್ರೀಟ್ ಬ್ಯಾಂಡ್ ಮೇಳದವರೂ ಸುಮಾರು ಮೂರು ಗಂಟೆಗಳ ಕಾಲ ನಡೆಸಿಕೊಟ್ಟ ರಾಕ್ ಸಂಗೀತದ ಕಚೇರಿಯನ್ನು, ಆ ಊರಿನ ಡಬ್ಲ್ಯೂ.ಎಂ.ಎಂ.ಎಸ್. ಎಂಬ ಎಫ್.ಎಂ. ಬಾನುಲಿ ಕೇಂದ್ರವು ತನ್ನ ದಶಮಾನೋತ್ಸವದ ಅಂಗವಾಗಿ ನೇರವಾಗಿ ಪ್ರಸಾರ ಮಾಡಿತು. ಸುತ್ತಲಿನ ಕೆಲವು ನಗರಗಳ ಕೇಂದ್ರಗಳೂ ಅದನ್ನು ತಮ್ಮ ತಮ್ಮ ಶ್ರೋತೃಗಳಿಗೆ ತಲಪಿಸಿದುವು. ಸಭಾಂಗಣದೊಳಗೆ ಇದ್ದವರು ಸಾವಿರದ ಆಸುಪಾಸಿನ ಜನ; ಮನೆಯಲ್ಲಿ ಕುಳಿತು ಕೇಳಿದವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು; ಅವರಲ್ಲಿ ಟೇಪ್ ರೆಕಾರ್ಡರ್ ಉಳ್ಳ ಕೆಲವರು ಗುಂಡಿಯನ್ನೊತ್ತಿ, ಬಂದ ಧ್ವನಿಯನ್ನೆಲ್ಲ ಕಾಂತಪಟ್ಟಿಯ ಮೇಲೆ ಹಿಡಿದಿಟ್ಟರು. ಅದೇ ವರ್ಷ ಜುಲೈ 7ರಂದು ಲಾಸ್ ಏಂಜಲಿಸ್‌ನ ರಾಕ್ಸಿ ಸಭಾಂಗಣದಿಂದಲೂ, ಸೆಪ್ಟೆಂಬರ್ 19ರಂದು ನ್ಯೂಜರ್ಸಿಯ ಪಸೇಯಿಕ್‌ನಿಂದಲೂ, ಡಿಸೆಂಬರ್ 15ರಂದು ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್‌ನಿಂದಲೂ ಇದೇ ಮೇಳದ ಕಚೇರಿಗಳು ಪ್ರಸಾರವಾದುವು. ಅವುಗಳ ಗತಿಯೂ ಇದೇ ಆಯಿತು.

ಹೀಗೆ ಒಂದೇ ಗಾನವು ಒಂದೇ ರಾತ್ರಿ ಹಲವು ಮನೆಗಳಲ್ಲಿ ಹಲವು ಮೂಲಪ್ರತಿಗಳಾಗಿ ಜನ್ಮ ತಾಳಿತು. ಆ ಮೂಲಪ್ರತಿಗಳಿಂದ ಗೆಳೆಯರಿಗಾಗಿ ತೆಗೆದ ನಕಲುಗಳು, ನಕಲುಗಳಿಂದ ತೆಗೆದ ನಕಲುಗಳು, ಗಾಯಕನ ಅನುಮತಿಯಿಲ್ಲದೆ ಮಾರಾಟಕ್ಕಾಗಿ ಒತ್ತಿದ ಗ್ರಾಮಫೋನ್ ತಟ್ಟೆಗಳು, ಆ ತಟ್ಟೆಗಳಿಂದ ಮರಳಿ ಟೇಪಿಗೆ ಇಳಿಸಿದವುಗಳು, ಕೊನೆಗೆ ಸಿ.ಡಿ.ಗಳು, ಕಂಪ್ಯೂಟರ್ ಕಡತಗಳು, ಎಲ್ಲವೂ ಸೇರಿ ಇಂದು ಆ ಒಂದು ರಾತ್ರಿಯ ಕಚೇರಿಗೆ ಪರಸ್ಪರ ಹೋಲದ ಅನೇಕ ರೂಪಗಳಿವೆ. ಒಂದರಲ್ಲಿ ಸಿಂಬಲ್ ನಾದ ಝಗಝಗಿಸುತ್ತದೆ, ಇನ್ನೊಂದರಲ್ಲಿ ಕಂಬಳಿ ಮುಚ್ಚಿದಂತೆ ಮಂಕಾಗಿದೆ. ಒಂದರ ಶ್ರುತಿ ಏರಿದೆ, ಮತ್ತೊಂದರದು ಇಳಿದಿದೆ. ಒಂದರಲ್ಲಿ ಹಾಡಿನ ನಡುವೆಯೇ ಮೌನದ ಕಂದರವೊಂದು ಬಾಯ್ದೆರೆದಿದೆ. ಇವುಗಳಲ್ಲಿ ಆ ರಾತ್ರಿ ಪ್ರೇಷಕದಿಂದ ಹೊರಟ ಧ್ವನಿಗೆ ಅತ್ಯಂತ ಸಮೀಪವಾದುದು ಯಾವುದೆಂದು ನಿರ್ಣಯಿಸುವುದು ಅಭಿರುಚಿಯ ವಿಷಯವೆಂದು ಅನೇಕರು ತಿಳಿದಿದ್ದಾರೆ. ನನ್ನ ಮತದಲ್ಲಿ ಅದು ಪ್ರಮಾಣಗಳಿಂದ ಸಾಧಿಸಬಹುದಾದ ಶಾಸ್ತ್ರೀಯ ನಿರ್ಣಯ. ಓಲೆಗರಿಯ ಪ್ರತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು, ಲಿಪಿಕಾರರ ಸ್ಖಾಲಿತ್ಯಗಳನ್ನು ಗುರುತಿಸಿ, ಪ್ರತಿಗಳ ವಂಶವೃಕ್ಷವನ್ನು ರಚಿಸಿ, ಕವಿಯ ಪಾಠಕ್ಕೆ ಆದಷ್ಟು ಹತ್ತಿರ ಹೋಗುವ ಕ್ರಮವನ್ನು ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಓದಿ ತಿಳಿದವರಿಗೆ, ಈ ಧ್ವನಿಶೋಧನೆಯ ತರ್ಕವು ಅಪರಿಚಿತವೆನಿಸಲಾರದು.

ಮೊದಲು ಪ್ರಸಾರದ ಸ್ವರೂಪವನ್ನು ಅರಿಯಬೇಕು, ಏಕೆಂದರೆ ಟೇಪಿಗೆ ಇಳಿಯುವ ಮುನ್ನವೇ ಎಫ್.ಎಂ. ಬಾನುಲಿಯು ಧ್ವನಿಯ ಮೇಲೆ ತನ್ನ ಮುದ್ರೆಗಳನ್ನು ಒತ್ತಿಬಿಟ್ಟಿರುತ್ತದೆ. ತರುಣರ ಕಿವಿಯು ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳವರೆಗಿನ, ಎಂದರೆ 20,000 ಹರ್ಟ್ಸ್‌ವರೆಗಿನ, ನಾದವನ್ನು ಗ್ರಹಿಸಬಲ್ಲುದಾದರೂ, ಸ್ಟೀರಿಯೋ ಪ್ರಸಾರದಲ್ಲಿ ಸಂಗೀತಕ್ಕೆ ದೊರೆಯುವ ಅವಕಾಶ 15,000 ಹರ್ಟ್ಸ್‌ವರೆಗೆ ಮಾತ್ರ. ಇದಕ್ಕೆ ಕಾರಣವುಂಟು. ಅಮೆರಿಕದಲ್ಲಿ 1961ರಲ್ಲಿ ಅಂಗೀಕೃತವಾದ ಪದ್ಧತಿಯಂತೆ, ಎಡ ಬಲ ವಾಹಿನಿಗಳೆರಡರ ಮೊತ್ತವನ್ನು ಎಂದಿನಂತೆ ಕಳುಹಿಸಿ, ಅವುಗಳ ವ್ಯತ್ಯಾಸವನ್ನು 38,000 ಹರ್ಟ್ಸ್‌ನ ಸುತ್ತ ಪ್ರತ್ಯೇಕವಾಗಿ ಅಡಗಿಸಿ ಕಳುಹಿಸುತ್ತಾರೆ. ಆ ಅಡಗಿದ ಭಾಗವನ್ನು ಬಿಡಿಸಿಕೊಳ್ಳುವುದಕ್ಕೆ ಗ್ರಾಹಕಯಂತ್ರಕ್ಕೆ ನೆರವಾಗಲೆಂದು, ನಡುವಣ ತೆರಪಿನಲ್ಲಿ 19,000 ಹರ್ಟ್ಸ್‌ನ ಒಂದು ಕ್ಷೀಣ ಮಾರ್ಗದರ್ಶಿ ಸ್ವರವನ್ನು, ಪೈಲಟ್ ಟೋನ್ ಎಂದು ಕರೆಯುವ ಸ್ವರವನ್ನು, ಎಡೆಬಿಡದೆ ನುಡಿಸುತ್ತಿರುತ್ತಾರೆ. ಈ ಸ್ವರವು ನಿಯಮಾನುಸಾರ ಎರಡು ಹರ್ಟ್ಸ್‌ಗಿಂತ ಹೆಚ್ಚು ಅತ್ತಿತ್ತ ಸರಿಯತಕ್ಕದ್ದಲ್ಲ. ಪ್ರಸಾರವನ್ನು ಒಳ್ಳೆಯ ರೀಲ್ ಯಂತ್ರದ ಮೇಲೆ ಮುದ್ರಿಸಿಕೊಂಡಾಗ ಈ ಸ್ವರದ ಶೇಷವೂ ಟೇಪಿನಲ್ಲಿ ಸೇರಿಹೋಗುವುದುಂಟು. ಕಿವಿಗೆ ಕೇಳಿಸದ ಆ ಶೇಷವು ಕಂಪ್ಯೂಟರ್ ರಚಿಸುವ ಧ್ವನಿರೋಹಿತದಲ್ಲಿ, ಕಂಪನಾಂಕಗಳನ್ನು ಬೇರೆಬೇರೆಯಾಗಿ ಬಿಡಿಸಿ ತೋರಿಸುವ ಆ ಚಿತ್ರದಲ್ಲಿ, ತೆಳ್ಳನೆಯ ಗೆರೆಯಾಗಿ ಕಾಣಬರುತ್ತದೆ.

ಈ ಗೆರೆಯ ಉಪಯೋಗವನ್ನು ಮನಗಂಡಾಗ ನನಗಾದ ಆನಂದವನ್ನು ಓದುಗರೂ ಪಡೆಯಲೆಂಬುದು ನನ್ನ ಆಸೆ. ಆ ಗೆರೆ 19,000ದಲ್ಲಿ ನಿಲ್ಲದೆ 19,380ರಲ್ಲಿ ಕಂಡರೆ, ಟೇಪು ನೂರಕ್ಕೆ ಎರಡರಷ್ಟು ವೇಗವಾಗಿ ಓಡಿದೆಯೆಂಬುದು ನಿಸ್ಸಂಶಯ. ಇಷ್ಟು ಅಲ್ಪ ವ್ಯತ್ಯಾಸದಿಂದ ಸಂಗೀತದ ಶ್ರುತಿಯು ಅರ್ಧಸ್ವರದ ಮೂರನೆಯ ಒಂದು ಪಾಲಿನಷ್ಟು ಮೇಲೇರಿ, 440ರಲ್ಲಿ ನಿಲ್ಲಬೇಕಾದ ಸ್ವರವು 449ರ ಸಮೀಪಕ್ಕೆ ಬರುತ್ತದೆ. ಮೂರು ಗಂಟೆಗಳ ಕಚೇರಿ ಮೂರೂವರೆ ನಿಮಿಷಗಳಷ್ಟು ಬೇಗನೆ ಮುಗಿದುಹೋಗುತ್ತದೆ. ಗಾಯಕನ ಕಂಠವು ತುಸು ಎಳಸಾಗಿ, ಲಯವು ತುಸು ಆತುರವಾಗಿ ಕೇಳುತ್ತದೆ. ಗೆರೆಯು ನೇರವಾಗಿರದೆ ಅಲೆಯಲೆಯಾಗಿದ್ದರೆ, ಯಂತ್ರದ ಚಕ್ರಗಳು ಸಮಗತಿಯಲ್ಲಿ ತಿರುಗಲಿಲ್ಲವೆಂದು ತಿಳಿಯಬಹುದು. ತಿಳಿಯುವುದಷ್ಟೇ ಅಲ್ಲ, ಆ ಅಲೆಗಳನ್ನು ಅಳೆದು, ಗಣಿತದಿಂದ ಕ್ಷಣಕ್ಷಣದ ವೇಗವನ್ನೂ ತಿದ್ದಬಹುದು. ಪ್ಲ್ಯಾಂಜೆಂಟ್ ಎಂಬ ಹೆಸರಿನ ಸಂಸ್ಕರಣ ವಿಧಾನವು ಇದೇ ತತ್ತ್ವವನ್ನು ಇನ್ನೂ ಸೂಕ್ಷ್ಮವಾಗಿ ಬಳಸುತ್ತದೆ: ಮುದ್ರಣಕಾಲದಲ್ಲಿ ಯಂತ್ರವೇ ಟೇಪಿಗೆ ಊಡುವ, ಶ್ರವಣಾತೀತವಾದ ಬಯಾಸ್ ಕಂಪನದ ಅವಶೇಷವನ್ನು ವಿಶೇಷ ಹೆಡ್‌ನಿಂದ ಓದಿ, ಅದನ್ನೇ ಕಾಲಮಾನದ ಅಳತೆಗೋಲಾಗಿಟ್ಟುಕೊಂಡು, ಸ್ವರದ ಕಂಪವನ್ನು ನಿವಾರಿಸುತ್ತದೆ. ಸ್ಪ್ರಿಂಗ್‌ಸ್ಟೀನ್ ಅವರ ಹಳೆಯ ಧ್ವನಿಸುರುಳಿಗಳನ್ನು ಪುನಃ ಹೊರತರುವಾಗ ಈ ವಿಧಾನವನ್ನು ಉಪಯೋಗಿಸಿದ್ದಾರೆ.

ಆದರೆ ಪೈಲಟ್ ಗೆರೆ ಇಲ್ಲವೆಂಬ ಒಂದೇ ಕಾರಣದಿಂದ ಪ್ರತಿಯು ಪ್ರಸಾರದಿಂದ ಬಂದುದಲ್ಲವೆಂದು ತೀರ್ಮಾನಿಸುವುದು ಸಲ್ಲದು. ಡಾಲ್ಬಿ ಎಂಬ ಶಬ್ದನಿವಾರಕವನ್ನು ಈ ಸ್ವರವು ದಾರಿತಪ್ಪಿಸುತ್ತಿದ್ದುದರಿಂದ, ಕ್ಯಾಸೆಟ್ ಯಂತ್ರಗಳಲ್ಲಿ ಅದನ್ನು ಸೋಸಿ ತೆಗೆಯುವ ಏರ್ಪಾಡು ಇರುತ್ತಿತ್ತು; ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಓಡುವ ಕ್ಯಾಸೆಟ್ಟಿಗೆ ಅಷ್ಟು ತಾರವಾದ ಸ್ವರವನ್ನು ಹಿಡಿಯುವ ಶಕ್ತಿಯೂ ಬಹುಮಟ್ಟಿಗೆ ಇರಲಿಲ್ಲ. ಅಂತಹ ಪ್ರತಿಗಳಿಗೆ ಬೇರೊಂದು ಪರೀಕ್ಷೆಯಿದೆ. ಸ್ಟೀರಿಯೋ ಪ್ರಸಾರವನ್ನು ದೂರದಿಂದ ಹಿಡಿದಾಗ ಕೇಳುವ ಸುಯ್ಯೆಂಬ ಶಬ್ದವು ಹೆಚ್ಚಾಗಿ ವ್ಯತ್ಯಾಸದ ಭಾಗದಲ್ಲಿಯೇ ಹುಟ್ಟುವುದರಿಂದ, ಎಡಬಲಗಳಲ್ಲಿ ಅದು ಪರಸ್ಪರ ವಿರುದ್ಧವಾಗಿ ಕಂಪಿಸುತ್ತದೆ. ಎರಡು ವಾಹಿನಿಗಳನ್ನು ಕೂಡಿಸಿದ ಮಾತ್ರಕ್ಕೆ ಅದು ಗಮನಾರ್ಹವಾಗಿ ತಗ್ಗುತ್ತದೆ. ಟೇಪಿನಿಂದಲೇ ಹುಟ್ಟಿದ ಸುಯ್ಲು ಹಾಗೆ ತಗ್ಗದು, ಅದು ಎಡಬಲಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದುದು.

ಪ್ರಸಾರದ ಮತ್ತೊಂದು ಮುದ್ರೆಯು ಬಲಾಬಲಗಳಿಗೆ ಸಂಬಂಧಿಸಿದುದು. ಮೆಲ್ಲನೆಯ ನಾದವು ದೂರದ ಶ್ರೋತೃವಿಗೂ ಕೇಳಲೆಂದೂ, ಉಚ್ಚನಾದವು ನಿಯಮಿತ ಮೇರೆಯನ್ನು ಮೀರದಿರಲೆಂದೂ, ಕೇಂದ್ರಗಳು ಧ್ವನಿಯನ್ನು ಸಂಕೋಚಿಸಿ ಕಳುಹಿಸುತ್ತವೆ. ಅದರ ಮೇಲೆ ತಾರಸ್ವರಗಳನ್ನು ಪ್ರೇಷಕದಲ್ಲಿ ಉಬ್ಬಿಸಿ, ಗ್ರಾಹಕದಲ್ಲಿ ಅಷ್ಟೇ ಕುಗ್ಗಿಸುವ ಪದ್ಧತಿಯಿರುವುದರಿಂದ, ಸಿಂಬಲ್‌ಗಳ ಪೆಟ್ಟು ಬೇಗನೆ ಆ ಮೇರೆಯನ್ನು ಮುಟ್ಟಿ ಹಿಸುಕಲ್ಪಡುತ್ತದೆ. ಪಿಯಾನೋ ಒಂಟಿಯಾಗಿ ನುಡಿಯುತ್ತಿರುವಾಗ ಸಭಿಕರ ಕಲಕಲವು ಮೆಲ್ಲಮೆಲ್ಲನೆ ಮೇಲೇಳುವುದೂ, ಡ್ರಮ್ಮಿನ ಮೊದಲ ಹೊಡೆತಕ್ಕೆ ಥಟ್ಟನೆ ಅಡಗುವುದೂ ಈ ಸಂಕೋಚಕದ ಕೃತ್ಯವೇ ಹೊರತು ಸಭಿಕರ ಶಿಸ್ತಲ್ಲ. ಹದಿನೈದು ಸಾವಿರದಾಚೆಗೂ ನಾದವಿದ್ದು, ಪೈಲಟ್ ಗೆರೆಯಿಲ್ಲದೆ, ಈ ಏರಿಳಿತವೂ ಕಾಣದಿದ್ದರೆ, ಪ್ರತಿಯು ಪ್ರೇಷಕಕ್ಕೆ ಹೋಗುವ ಮುನ್ನಿನ ಟೇಪಿನಿಂದ ಬಂದಿರಬಹುದೆಂದು ಊಹಿಸುವುದಕ್ಕೆ ಬಲವಾದ ಆಧಾರ ದೊರೆಯುತ್ತದೆ.

ಇನ್ನು ನಕಲುಗಳ ವಿಚಾರ. ಪ್ರತಿಯೊಂದು ನಕಲೂ ತನ್ನ ಸುಯ್ಲನ್ನು ಹಿಂದಿನದಕ್ಕೆ ಕೂಡಿಸುತ್ತದೆ; ಸಮಾನವಾದ ಎರಡು ಸುಯ್ಲುಗಳು ಕೂಡಿದರೆ ಮೂರು ಡೆಸಿಬೆಲ್ ಏರಿಕೆ, ನಾಲ್ಕು ಕೂಡಿದರೆ ಆರು. ಟೇಪನ್ನು ಓದುವ ಹೆಡ್ ತುಸು ಓರೆಯಾಗಿದ್ದರೂ ತಾರಸ್ವರಗಳು ನಶಿಸುತ್ತವೆ. ಇವು ಎಲ್ಲರೂ ಬಲ್ಲ ಸಂಗತಿಗಳು. ಇವಕ್ಕಿಂತ ಸ್ವಾರಸ್ಯವಾದುದು ವಿದ್ಯುತ್ ಸರಬರಾಜಿನಿಂದ ಯಂತ್ರಗಳಿಗೆ ಅಂಟುವ ಗುಂಯ್ಯೆಂಬ ಮಂದ್ರಧ್ವನಿ. ಅಮೆರಿಕದಲ್ಲಿ ಅದು 60 ಹರ್ಟ್ಸ್, ಯೂರೋಪಿನಲ್ಲಿಯೂ ನಮ್ಮಲ್ಲಿಯೂ 50. ಒಂದು ಪ್ರತಿಯಲ್ಲಿ 61ರ ಬಳಿ ಒಂದು ಗೆರೆಯೂ, 50ರಲ್ಲಿ ಇನ್ನೊಂದು ಗೆರೆಯೂ ಕಂಡುಬಂದರೆ, ಅಮೆರಿಕದಲ್ಲಿ ಮುದ್ರಿತವಾದ ಟೇಪೊಂದನ್ನು ವೇಗ ಹೆಚ್ಚಿದ್ದ ಯಂತ್ರದ ಮೇಲೆ ಓಡಿಸಿ, ಅಟ್ಲಾಂಟಿಕ್ ಸಾಗರದ ಈಚೆಗೆ ಎಲ್ಲಿಯೋ ನಕಲು ಮಾಡಿಕೊಂಡರೆಂಬ ಪ್ರವಾಸಕಥೆಯೇ ನಮ್ಮೆದುರು ತೆರೆದುಕೊಳ್ಳುತ್ತದೆ. ಇಲ್ಲಿ ಯಾವ ಗೆರೆ ಯಾವ ತಲೆಮಾರಿನದೆಂದು ಬಿಡಿಸಿಕೊಳ್ಳದೆ ಶ್ರುತಿ ತಿದ್ದಲು ಹೊರಟವರು, ಕೊನೆಯ ನಕಲಿನ ಗುಂಯ್‌ಕಾರವನ್ನು ಸರಿಪಡಿಸಿ ಸಂಗೀತವನ್ನು ಕೆಡಿಸುವ ಅಪಾಯವಿದೆ.

ಪ್ರತಿಗಳ ಬಾಂಧವ್ಯವನ್ನು ಸ್ಥಾಪಿಸುವುದಕ್ಕೆ ಗುಣಗಳಿಗಿಂತ ದೋಷಗಳೇ ಹೆಚ್ಚು ಪ್ರಯೋಜನಕಾರಿ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು ನಲವತ್ತೈದು ನಿಮಿಷ. ಮೂರು ಗಂಟೆಗಳ ಕಚೇರಿಯನ್ನು ಹಿಡಿಯಲು ಹೊರಟವರು ಮೂರು ಸಲವಾದರೂ ಮಗ್ಗುಲು ಬದಲಿಸಲೇಬೇಕು, ಬದಲಿಸುವಾಗ ಕೆಲವು ಸೆಕೆಂಡುಗಳನ್ನು ಕಳೆದುಕೊಳ್ಳಲೇಬೇಕು. ಹಾಡಿನ ಒಂದೇ ಪದದ ಒಂದೇ ಅಕ್ಷರದಲ್ಲಿ ಎರಡು ಪ್ರತಿಗಳು ಕಡಿದುಹೋದರೆ, ಅವೆರಡೂ ಒಂದೇ ತಾಯಿಯ ಮಕ್ಕಳೆಂಬುದರಲ್ಲಿ ಸಂದೇಹವಿಲ್ಲ. ಅವುಗಳಲ್ಲಿ ಉತ್ತಮವಾದುದನ್ನು ಇಟ್ಟುಕೊಂಡು ಇನ್ನೊಂದನ್ನು ಬದಿಗಿಡಬಹುದು. ಕಡಿತಗಳು ಭಿನ್ನವಾಗಿದ್ದರೆ ಅವು ಸ್ವತಂತ್ರ ಸಾಕ್ಷಿಗಳು, ಒಂದರ ಲೋಪವನ್ನು ಮತ್ತೊಂದರಿಂದ ತುಂಬಿಕೊಳ್ಳಬಹುದು. ಕಟ್ಟಡಗಳಿಗೆ ಬಡಿದು ಬಂದ ಬಾನುಲಿ ತರಂಗಗಳಿಂದ ಉಂಟಾಗುವ ಚಿಟಪಟ ಶಬ್ದಗಳೂ ಮನೆಯಿಂದ ಮನೆಗೆ ಬೇರೆಯಾದುದರಿಂದ ಇದೇ ಕೆಲಸಕ್ಕೆ ಒದಗುತ್ತವೆ. ಹಲವು ವೇಳೆ ಹಿಂದಿನವರು ಯಾರೋ ಇಂತಹ ತೇಪೆಯನ್ನು ಆಗಲೇ ಹಾಕಿ, ಅದನ್ನು ಯಾರಿಗೂ ತಿಳಿಸದೆ ಹೋಗಿರುತ್ತಾರೆ. ಆಗ ಸುಯ್ಲಿನ ಬಣ್ಣ ಬದಲಾಗುವ ಕ್ಷಣವನ್ನೂ, ಶ್ರುತಿ ಕೂದಲೆಳೆಯಷ್ಟು ಜಾರುವ ಸ್ಥಳವನ್ನೂ ಹುಡುಕಿ, ಮಿಶ್ರಪಾಠವನ್ನು ಬಿಡಿಸಬೇಕಾಗುತ್ತದೆ.

ಅಂಕೀಯ ಯುಗದ ಪ್ರತಿಗಳಲ್ಲಿ ಪರೀಕ್ಷೆ ಒಂದು ಬಗೆಯಲ್ಲಿ ಸುಲಭ. ಎರಡು ಕಡತಗಳನ್ನು ಕಾಲದಲ್ಲಿ ಸರಿಯಾಗಿ ಹೊಂದಿಸಿ, ಒಂದನ್ನು ತಲೆಕೆಳಗು ಮಾಡಿ ಕೂಡಿಸಿದರೆ, ಎರಡೂ ಒಂದೇ ಆಗಿದ್ದಲ್ಲಿ ಶೂನ್ಯವುಳಿಯುತ್ತದೆ. ಬೇರೆಯಾಗಿದ್ದಲ್ಲಿ ಬೇರೆಯಾದಷ್ಟು ಮಾತ್ರ ಕೇಳುತ್ತದೆ. ಎಂ.ಪಿ.3 ಪದ್ಧತಿಯಲ್ಲಿ ಕುಗ್ಗಿಸಿದ ಕಡತವನ್ನು ಮರಳಿ ಹಿಗ್ಗಿಸಿ ಪೂರ್ಣಪ್ರತಿಯೆಂದು ಹಂಚುವವರಿದ್ದಾರೆ. ಅಂತಹ ಪ್ರತಿಯ ರೋಹಿತವು ಸಾಮಾನ್ಯವಾಗಿ 16,000 ಹರ್ಟ್ಸ್‌ನ ಹತ್ತಿರ ಕತ್ತರಿಸಿದಂತೆ ನಿಂತು, ಅದರ ಕೆಳಗೂ ಅಲ್ಲಲ್ಲಿ ತೂತುಗಳಾಗಿರುತ್ತವೆ. ಎಫ್.ಎಂ. ಪ್ರತಿಯೂ ಹದಿನೈದು ಸಾವಿರದಲ್ಲಿ ನಿಲ್ಲುವುದರಿಂದ ನಿರ್ದೋಷಿಯನ್ನು ದಂಡಿಸುವ ಸಂಭವವುಂಟು; ತೂತುಗಳನ್ನು ಕಂಡಲ್ಲದೆ ಆರೋಪ ಹೊರಿಸಬಾರದು.

ಕಡೆಗೆ ಕೇಳುವವನ ಕಿವಿ. 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ವಕ್ರರೇಖೆಗಳಿಂದ ತಿಳಿದುಬಂದಂತೆ, ಧ್ವನಿ ಮೆಲ್ಲಗಿದ್ದಾಗ ನಮ್ಮ ಕಿವಿಯು ಮಂದ್ರಸ್ವರಗಳನ್ನು ಕಡಿಮೆಯಾಗಿ ಗ್ರಹಿಸುತ್ತದೆ, ಧ್ವನಿ ಏರಿದಂತೆ ಅವು ತುಂಬಿಬರುತ್ತವೆ. ಆದುದರಿಂದ ಎರಡು ಪ್ರತಿಗಳಲ್ಲಿ ಒಂದು ಒಂದೇ ಡೆಸಿಬೆಲ್ಲಿನಷ್ಟು ಜೋರಾಗಿದ್ದರೂ ಅದೇ ಹೆಚ್ಚು ಜೀವಂತವೆಂದು ತೋರುತ್ತದೆ. ಮಾರಾಟದ ತಟ್ಟೆಗಳನ್ನು ಹೊಗಳುವವರಲ್ಲಿ ಅನೇಕರು ಹೊಗಳಿದುದು ಈ ಜೋರನ್ನೇ. ಮಟ್ಟಗಳನ್ನು ಅಳೆದು ಸಮಮಾಡಿ, ಯಾವುದು ಯಾವುದೆಂದು ತಿಳಿಯದ ಹಾಗೆ ಇನ್ನೊಬ್ಬರಿಂದ ಹಾಕಿಸಿಕೊಂಡು ಕೇಳಿದ ಮೇಲೆ ಉಳಿಯುವ ಅಭಿಪ್ರಾಯಕ್ಕೆ ಮಾತ್ರ ನಾನು ಬೆಲೆ ಕೊಡುತ್ತೇನೆ. ಸುಯ್ಲನ್ನು ಅಳಿಸಿ ನುಣುಪು ಮಾಡಿದ ಪ್ರತಿಯು ಮೊದಲ ಕೇಳ್ವಿಗೆ ಹಿತವೆನಿಸಿದರೂ, ಸುಯ್ಲಿನೊಡನೆ ಸಿಂಬಲ್‌ನ ಅನುರಣನವೂ ಸಭಾಂಗಣದ ಗಾಳಿಯೂ ಹೊರಟುಹೋಗಿರುತ್ತವೆ. ಕೇಳಲು ಚೆಲುವಾದುದೇ ಸತ್ಯಕ್ಕೆ ಹತ್ತಿರವಾದುದೆಂಬ ಭ್ರಮೆಯನ್ನು ಬಿಡದೆ ಈ ಕೆಲಸಕ್ಕೆ ಕೈಹಾಕಬಾರದು.

ಅಧಿಕೃತ ಮುದ್ರಿಕೆಯೊಂದು ಹೊರಬಂದರೆ ಈ ಶ್ರಮವೆಲ್ಲ ನಿರರ್ಥಕವಲ್ಲವೆ ಎಂದು ಕೇಳುವವರಿಗೆ ರಾಕ್ಸಿ ಕಚೇರಿಯೇ ಉತ್ತರ. ಆ ರಾತ್ರಿ ಗಾಯಕರೇ ವೇದಿಕೆಯಿಂದ ಕಳ್ಳಮುದ್ರಕರನ್ನು ಉದ್ದೇಶಿಸಿ, ಟೇಪುಗಳನ್ನು ಓಡಿಸಿರೆಂದು ಬಾನುಲಿಯ ಮೂಲಕ ಆಹ್ವಾನಿಸಿದ್ದರು. 1986ರಲ್ಲಿ ಐದು ತಟ್ಟೆಗಳ ಅಧಿಕೃತ ಸಂಪುಟದಲ್ಲಿ ಅದೇ ಕಚೇರಿಯ ‘ಬ್ಯಾಕ್‌ಸ್ಟ್ರೀಟ್ಸ್’ ಹಾಡು ಸೇರಿದಾಗ, ನಡುವೆ ಅವರು ಆಶುವಾಗಿ ಹೆಣೆದಿದ್ದ ನುಡಿಗಾನದ ಭಾಗವನ್ನು ಕತ್ತರಿಸಲಾಗಿತ್ತು. 2018ರಲ್ಲಿ ಸಮಗ್ರ ಕಚೇರಿಯು ಪ್ರಕಟವಾಗುವವರೆಗೆ, ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ, ಆ ಭಾಗವನ್ನು ಉಳಿಸಿಕೊಂಡು ಬಂದುದು ಮನೆಗಳಲ್ಲಿ ಮುದ್ರಿತವಾದ ಟೇಪುಗಳು. ಅಗೋರಾ ಕಚೇರಿಯೂ 2014ರಲ್ಲಿ ಅಧಿಕೃತವಾಗಿ ಹೊರಬಂದಿದೆ. ಕೇಳಿ ಸಂತೋಷಪಡಬೇಕೆನ್ನುವವರು ಅದನ್ನೇ ಕೊಳ್ಳಬೇಕು, ಗಾಯಕನ ಹಕ್ಕನ್ನು ಕದ್ದು ಒತ್ತಿದ ತಟ್ಟೆಗಳಿಗೆ ಹಣ ತೆರುವುದು ಸರಿಯಲ್ಲ.

ಆದರೆ ಯಾರ ಮನೆಯ ಅಟ್ಟದಲ್ಲಾದರೂ ಇಂತಹ ಪ್ರಸಾರವೊಂದರ, ಅದು ರಾಕ್ ಸಂಗೀತವಾಗಲಿ ನಮ್ಮ ಊರಿನ ಕಚೇರಿಯಾಗಲಿ, ಮೊದಲ ಟೇಪು ಇದ್ದರೆ, ಅವರಲ್ಲಿ ನನ್ನದೊಂದು ಪ್ರಾರ್ಥನೆಯುಂಟು. ಹೆಡ್ಡನ್ನು ಶುಚಿಮಾಡಿ ಅದರ ಓರೆಯನ್ನು ಸರಿಪಡಿಸಿ, ಇಪ್ಪತ್ತನಾಲ್ಕು ಬಿಟ್ಟಿನ, ಕುಗ್ಗಿಸದ ಕಡತಕ್ಕೆ ಟೇಪನ್ನು ಇಳಿಸಿರಿ. ಸುಯ್ಲನ್ನಾಗಲಿ ಗುಂಯ್‌ಕಾರವನ್ನಾಗಲಿ ಅಳಿಸಬೇಡಿರಿ. ಯಾವ ಊರಿನಲ್ಲಿ, ಯಾವ ಕೇಂದ್ರದಿಂದ, ಯಾವ ಯಂತ್ರದ ಮೇಲೆ ಮುದ್ರಿಸಿದಿರೆಂಬುದನ್ನು ಬರೆದು ಕಡತದೊಡನೆ ಇಡಿರಿ. ಇಳಿಸಿಯಾಯಿತೆಂದು ಟೇಪನ್ನು ಮಾತ್ರ ಎಸೆಯಬೇಡಿರಿ.