ತರಗತಿಯಲ್ಲಿ ಹುಟ್ಟಿದ ಹಾರ್ಲೋ ವಿಮಾನಗಳು

ಹಾರ್ಲೋ ವಿಮಾನಗಳ ವಂಶ ಶುರುವಾದದ್ದು ಕ್ಯಾಲಿಫೋರ್ನಿಯಾದ ಪಸಾಡೆನಾ ಜೂನಿಯರ್ ಕಾಲೇಜಿನ ಒಂದು ತರಗತಿಯಲ್ಲಿ. ವಿಮಾನವಿದ್ಯೆ ಕಲಿಸುತ್ತಿದ್ದ ಎಂಜಿನಿಯರ್ ಮ್ಯಾಕ್ಸ್ ಹಾರ್ಲೋ ವಿದ್ಯಾರ್ಥಿಗಳ ಕೈಯಲ್ಲೇ ಇಡೀ ವಿಮಾನ ಕಟ್ಟಿಸಿದರು. 1937ರಲ್ಲಿ ಹಾರಿದ ಅದಕ್ಕೆ ಕಾಲೇಜಿನ ಮೊದಲಕ್ಷರಗಳನ್ನೇ ಹಿಡಿದು ಪಿಜೆಸಿ-1 ಎಂದು ಹೆಸರಾಯಿತು. ಅದರ ಹಿಂದೆ ನಾಲ್ಕು ಸೀಟಿನ ಪಿಜೆಸಿ-2 ಬಂತು. ಆಮೇಲೆ ಬಂದದ್ದು ಗುರು, ಶಿಷ್ಯ ಒಬ್ಬರ ಹಿಂದೊಬ್ಬರು ಕೂರುವ ತರಬೇತಿ ವಿಮಾನ ಪಿಸಿ-5.

ಆಗಿನ ತರಬೇತಿ ಶಾಲೆಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದದ್ದು ಟೈಗರ್ ಮಾತ್‌ನಂಥ ವಿಮಾನಗಳು: ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಬಿಗಿದ ತಂತಿ, ಚೌಕಟ್ಟಿಗೆ ಹೊದಿಸಿದ ಬಟ್ಟೆ. ಹಾರ್ಲೋಗೆ ಕೆಳಗೆ ಒಂದೇ ಅಂತಸ್ತಿನ ರೆಕ್ಕೆ, ಮೈಯೆಲ್ಲ ಲೋಹ. ಬಟ್ಟೆಯ ವಿಮಾನದಲ್ಲಿ ಭಾರವೆಲ್ಲ ಚೌಕಟ್ಟಿನ ಮೇಲೆ. ಹಾರ್ಲೋದಲ್ಲಿ ಹೊರಗಿನ ತಗಡೂ ಹೆಗಲು ಕೊಡುತ್ತದೆ.

ತೆಳು ತಗಡು ಎಂದರೆ ದುರ್ಬಲ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ತಂಪು ಪಾನೀಯದ ಖಾಲಿ ಅಲ್ಯೂಮಿನಿಯಂ ಡಬ್ಬಿಯೊಂದೇ ಅದನ್ನು ಸುಳ್ಳುಮಾಡುತ್ತದೆ. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ಒಂಟಿಕಾಲಲ್ಲಿ ಹತ್ತಿದರೆ, ತಗ್ಗುನುಗ್ಗಿಲ್ಲದ ಡಬ್ಬಿ ಆಳಿನ ಭಾರವನ್ನೂ ತಡೆದೀತು. ಆಗ ಪಕ್ಕದಲ್ಲಿದ್ದವರು ಪೆನ್ಸಿಲಿನಿಂದ ಅದರ ಬದಿಯನ್ನು ತುಸು ಒತ್ತಿದರೆ ಸಾಕು, ಡಬ್ಬಿ ಒಮ್ಮೆಲೇ ಚಪ್ಪಟೆ! ತಗಡು ಎಷ್ಟೇ ತೆಳುವಿರಲಿ, ಆಕಾರ ಕೆಡದಿರುವವರೆಗೆ ಭಾರ ಹೊರುತ್ತದೆ; ಒಂದು ಕಡೆ ಮಡಚಿಕೊಂಡರೆ ಮುಗಿಯಿತು. ಇಂಥ ವಿಮಾನದ ಒಳಗೆ ಬಳೆಯಂಥ ಪಟ್ಟಿಗಳನ್ನೂ ಉದ್ದನೆಯ ಸರಳುಗಳನ್ನೂ ಕೂರಿಸುವುದು ತಗಡು ಮಡಚಿಕೊಳ್ಳದಂತೆ ಕಾಯುವುದಕ್ಕಾಗಿ. ಕಾಲೇಜು ಹುಡುಗರು ಇಂಥದ್ದನ್ನು ಕೂಡಿಸಿ ಹಾರಿಸಿದ್ದು ನಿಜಕ್ಕೂ ದೊಡ್ಡ ಸಾಹಸ.

ಪಿಜೆಸಿ-1 ಬಹುಕಾಲ ಬಾಳಲಿಲ್ಲ. ಗಿರಕಿಯ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಗಿರಕಿ ಎಂದರೆ ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಎತ್ತುವ ಬಲ ಕಳೆದುಕೊಂಡು, ವಿಮಾನ ಬುಗುರಿಯಂತೆ ಸುತ್ತುತ್ತ ಇಳಿಯುವುದು. ಮೂತಿ ಕೆಳಗಿದ್ದರೆ ಬಿಡಿಸಿಕೊಳ್ಳುವುದು ಸುಲಭ. ತೂಕ ಹಿಂದಕ್ಕೆ ಸರಿದಷ್ಟೂ ಮೂತಿ ಮೇಲೇ ಉಳಿಯುತ್ತದೆ, ಬಾಲದ ಚುಕ್ಕಾಣಿಗೆ ಗಾಳಿಯ ಹಿಡಿತ ಸಿಗುವುದಿಲ್ಲ. ಹೊಸಬರು ಕಲಿಯುವ ವಿಮಾನದಲ್ಲಿ ಈ ಗುಣ ಇರಲೇಬಾರದು.

ಬೆಂಗಳೂರಿಗೆ ಈ ವಂಶ ಬಂದದ್ದು ಬಿಡಿಭಾಗಗಳಾಗಿ. ಮೈಸೂರು ಸಂಸ್ಥಾನದ ನೆರವಿನೊಂದಿಗೆ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಎಚ್‌ಎಎಲ್) ಸ್ಥಾಪಿಸಿದರು. 1941ರ ಆಗಸ್ಟ್‌ನಲ್ಲೇ ಅಲ್ಲಿ ಜೋಡಿಸಿದ ಪಿಸಿ-5 ಹಾರಿತು. ಎಚ್‌ಎಎಲ್‌ನ ಮೊದಲ ವಿಮಾನ ಎಚ್‌ಟಿ-2 ಎಂದು ಹೇಳುವವರು ಈ ಹತ್ತು ವರ್ಷವನ್ನು ನುಂಗಿಬಿಡುತ್ತಾರೆ. ವಿ. ಎಂ. ಘಾಟಗೆ ವಿನ್ಯಾಸಗೊಳಿಸಿದ ಎಚ್‌ಟಿ-2 ಹಾರಿದ್ದು 1951ರಲ್ಲಿ. ಅದು ಇಲ್ಲಿಯದೇ ಸ್ವಂತ ವಿನ್ಯಾಸ. ಆದರೆ ಲೋಹದ ಮೈ, ಕೆಳಗಿನ ಒಂದೇ ಅಂತಸ್ತಿನ ರೆಕ್ಕೆ, ಹಿಂದುಮುಂದಿನ ಎರಡು ಸೀಟು ಅದರಲ್ಲೂ ಇದ್ದವು.