ಮುಟ್ಟು ನಿಲ್ಲುವ ಮುನ್ನಿನ ವರ್ಷಗಳು

ಮೈಸೂರಿನ ಸರಸ್ವತಿಪುರಂನಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಮನೆಯೊಂದಿದೆ. ಆ ಮನೆಯ ಸೊಸೆಗೆ ಈಗ ನಲವತ್ತಾರು. ಇಷ್ಟಲಿಂಗ ಪೂಜೆ ಮುಗಿಸಿ, ಎಲ್ಲರಿಗೂ ತಿಂಡಿ ಬಡಿಸಿ, ಶಾಲೆಗೆ ಪಾಠ ಹೇಳಲು ಹೊರಡುವ ಆ ತಾಯಿ ಏರುದನಿಯಲ್ಲಿ ಮಾತನಾಡಿದ್ದನ್ನು ಯಾರೂ ಕಂಡವರಲ್ಲ. ಕಳೆದೊಂದು ವರ್ಷದಿಂದ ಮಾತ್ರ ಸಣ್ಣ ಮಾತಿಗೂ ಸಿಡುಕು, ನಡುರಾತ್ರಿ ಮೈಯೆಲ್ಲ ಬೆವರಿ ಎಚ್ಚರ. ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ, ಇನ್ನೊಮ್ಮೆ ಎರಡು ತಿಂಗಳಿಗೆ. ಬಂದರೆ ಹತ್ತು ದಿನ ಬಿಡದು. ಅತ್ತೆಯವರು ದೃಷ್ಟಿ ತೆಗೆದರು. ಯಜಮಾನರು ಮೌನವಾದರು. ಖಾಸಗಿ ವೈದ್ಯರೊಬ್ಬರು ಸ್ಕ್ಯಾನಿಂಗ್ ನೋಡಿ, ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎಂದರು. ಶಸ್ತ್ರಚಿಕಿತ್ಸೆಗೆ ದಿನವೂ ಗೊತ್ತಾಯಿತು. ಹಿಂದಿನ ವಾರ ಆಕೆ ನಮ್ಮಲ್ಲಿಗೆ ಬಂದು ಕೇಳಿದ್ದು ಒಂದೇ ಮಾತು: ‘ಅಕ್ಕಾ, ತೆಗೆಸಿದರೆ ಈ ಸಿಟ್ಟೂ ಹೋಗುತ್ತದೆಯೇ?’

ಹೋಗುವುದಿಲ್ಲ. ಏಕೆಂದರೆ ಸಿಟ್ಟು, ಬೆವರು, ನಿದ್ದೆಗೇಡು ಇವುಗಳ ಮೂಲ ಗರ್ಭಕೋಶದಲ್ಲಿಲ್ಲ, ಅಂಡಾಶಯದಲ್ಲಿದೆ. ನಮ್ಮ ದೇಶದ ಸ್ತ್ರೀಯರಿಗೆ ಸರಾಸರಿ 46–47ನೆಯ ವಯಸ್ಸಿನಲ್ಲಿ ಮುಟ್ಟು ನಿಲ್ಲುತ್ತದೆ. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಅದು ನಿಂತಿತೆಂದು ಲೆಕ್ಕ. ಅದಕ್ಕೆ ಮುಂಚಿನ ಕೆಲವು ವರ್ಷಗಳೇ ಈ ಸಂಧಿಕಾಲ. ಆಗ ಈಸ್ಟ್ರೋಜನ್ ಎಂಬ ಹಾರ್ಮೋನು ಮೆಲ್ಲಗೆ ಇಳಿಯುವುದೆಂದು ಹಲವರು ಭಾವಿಸಿದ್ದಾರೆ. ನಿಜವಾಗಿ ಅದು ಒಂದು ತಿಂಗಳು ಉಕ್ಕಿ, ಮತ್ತೊಂದು ತಿಂಗಳು ಕುಸಿಯುತ್ತದೆ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಉಂಟಾಗದೆ ಗರ್ಭಕೋಶದ ಒಳಪೊರೆ ದಪ್ಪವಾಗಿ ಬೆಳೆದು, ಬಳಿಕ ಹೆಚ್ಚಾಗಿ ಸ್ರವಿಸುತ್ತದೆ. ಮಿದುಳಿನಲ್ಲಿ ದೇಹದ ಬಿಸಿಯನ್ನು ಕಾಯುವ ಭಾಗ ಅತಿಸೂಕ್ಷ್ಮವಾಗಿ, ಸಣ್ಣ ಕಾವಿಗೂ ಮುಖ, ಕತ್ತು, ಎದೆ ಕೆಂಪೇರಿ ಬೆವರೊಡೆಯುತ್ತದೆ. ಕೆಲವೇ ನಿಮಿಷದ ಈ ಬಿಸಿ ಇರುಳಲ್ಲಿ ಮೂರು ನಾಲ್ಕು ಸಲ ಬಂದರೆ ಯಾರಿಗೆ ತಾನೇ ಸಿಡುಕು ಬಾರದು?

ಶರಣರು ಅಲ್ಲಗಳೆದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಲಿಂಗವಂತೆಗೆ ಮುಟ್ಟಿನ ದಿನವೂ ಪೂಜೆಯುಂಟು. ಎಂಟು ಶತಮಾನಗಳ ಹಿಂದೆಯೇ ಮೈಲಿಗೆಯಲ್ಲವೆಂದ ವಿಷಯವನ್ನು ನಮ್ಮ ಮನೆಗಳಲ್ಲಿ ಇಂದಿಗೂ ಅಡುಗೆಮನೆಯ ಪಿಸುಮಾತಿಗೆ ಮೀಸಲಿಟ್ಟಿರುವುದು ನಮಗೆ ಸೋಜಿಗವೆನಿಸುತ್ತದೆ. ಗಂಡಸರ ಮುಂದೆ ಆಡಬಾರದ ಮಾತೆಂದು ತಾಯಂದಿರು ನುಂಗಿಕೊಳ್ಳುತ್ತಾರೆ. ಕೊನೆಗೆ ತೀರ್ಮಾನವಾಗುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ.

ಗರ್ಭಕೋಶ ತೆಗೆಸುವುದು ಹಲ್ಲು ಕೀಳಿಸಿದಷ್ಟು ಸುಲಭವೆಂಬ ಭಾವನೆ ಬೆಳೆದಿದೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ನೂರು ಸ್ತ್ರೀಯರಲ್ಲಿ ಮೂವರಿಗೆ ಅದಾಗಲೇ ಈ ಶಸ್ತ್ರಚಿಕಿತ್ಸೆ ಆಗಿತ್ತು. ಅನಗತ್ಯ ಶಸ್ತ್ರಚಿಕಿತ್ಸೆಗಳ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೇಂದ್ರದ ಮಾರ್ಗಸೂಚಿಗಳನ್ನು ಜಾರಿಗೊಳಿಸುವಂತೆ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶವಾಯಿತು. ಅಂಡಾಶಯಗಳನ್ನೂ ಜೊತೆಗೆ ತೆಗೆದರೆ ವರ್ಷಗಳಲ್ಲಿ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಎರಗುತ್ತದೆ. ಮೂಳೆ ಸವೆತಕ್ಕೆ, ಹೃದ್ರೋಗಕ್ಕೆ ದಾರಿಯಾಗುತ್ತದೆ. ಕ್ಯಾನ್ಸರ್ ಮುಂತಾದ ಕಾರಣವಿದ್ದಾಗ ತೆಗೆಸಲೇಬೇಕು, ಅಲ್ಲಿ ಹಿಂಜರಿಕೆ ಕೂಡದು. ಬರಿಯ ಏರುಪೇರಿಗೆ ಮೊದಲು ಬೇರೆ ಮಾರ್ಗಗಳಿವೆ.

ನಮ್ಮ ಸಹೋದರಿಯನ್ನು ಬೇರೊಬ್ಬ ವೈದ್ಯೆಯ ಬಳಿ ಕರೆದೊಯ್ದೆವು. ಅವರು ಮೊದಲು ಮಾಡಿಸಿದ್ದು ರಕ್ತಪರೀಕ್ಷೆ. ರಕ್ತಹೀನತೆ ಇತ್ತು, ಆಯಾಸಕ್ಕೂ ಎದೆಬಡಿತಕ್ಕೂ ಅರ್ಧ ಕಾರಣ ಅದೇ. ಥೈರಾಯಿಡ್ ಸರಿಯಿತ್ತು. (ಥೈರಾಯಿಡ್ ತೊಂದರೆಯೂ ಇದೇ ವೇಷ ತೊಟ್ಟು ಬರುವುದುಂಟು.) ಒಳಪೊರೆಯ ಚೂರನ್ನು ಪರೀಕ್ಷೆಗೆ ಕಳುಹಿಸಿದರು; ದೋಷ ಕಾಣಲಿಲ್ಲ. ಕಬ್ಬಿಣಾಂಶದ ಮಾತ್ರೆ, ಸ್ರಾವ ತಗ್ಗಿಸುವ ಮಾತ್ರೆ ಕೊಟ್ಟರು. ಅದರಿಂದಾಗದಿದ್ದರೆ ಹಾರ್ಮೋನು ಸೂಸುವ ವಂಕಿ ಇದೆಯೆಂದರು. ಶಸ್ತ್ರಚಿಕಿತ್ಸೆಯ ದಿನ ತಾನಾಗಿ ರದ್ದಾಯಿತು.

ಹಾರ್ಮೋನು ಚಿಕಿತ್ಸೆಯ ಹೆಸರೆತ್ತಿದರೆ ಜನ ಬೆದರುತ್ತಾರೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಹಾರ್ಮೋನು ಪ್ರಯೋಗವನ್ನು ಸ್ತನ ಕ್ಯಾನ್ಸರ್ ಭೀತಿಯಿಂದ ನಡುವೆಯೇ ನಿಲ್ಲಿಸಿದ್ದು ಇದಕ್ಕೆ ಕಾರಣ. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನ, ತೀವ್ರ ತೊಂದರೆಯುಳ್ಳ ಅನೇಕರಿಗೆ ಅಪಾಯಕ್ಕಿಂತ ಉಪಕಾರವೇ ಹೆಚ್ಚೆಂದು ಈಗಿನ ತಿಳಿವಳಿಕೆ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಪಾರ್ಶ್ವವಾಯು ಕಂಡವರಿಗೆ ಮಾತ್ರ ಅದು ಸಲ್ಲದು. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಯಂತೂ ಅಲ್ಲ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಇರುಳು ಹತ್ತಿಯ ತೆಳುವಸ್ತ್ರ, ತೆರೆದ ಕಿಟಕಿ. ಸಂಜೆಯ ಕಾಫಿ ಬಿಡುವುದು ಮೈಸೂರಿಗರಿಗೆ ಕಠಿಣವಾದರೂ ನಿದ್ದೆಗೆ ಒಳ್ಳೆಯದು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬಿರುಸು ನಡಿಗೆ ಮೂಳೆಗೂ ಮನಸ್ಸಿಗೂ ಹಿತ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ; ಮುಟ್ಟು ನಿಂತ ಮೇಲೆ ದಿನಕ್ಕೆ 1,200 ಮಿಲಿಗ್ರಾಂ ಬೇಕು. ಮುದ್ದೆಯ ಜೊತೆಗೆ ಮೊಸರು, ಸೊಪ್ಪು, ಎಳ್ಳು ಇರಲಿ. ಮುಟ್ಟು ತಪ್ಪಿತೆಂದು ಗರ್ಭ ನಿಲ್ಲದೆಂದು ನಂಬಬಾರದು. ಐವತ್ತರೊಳಗೆ ಮುಟ್ಟು ನಿಂತವರು ಎರಡು ವರ್ಷ, ನಂತರದವರು ಒಂದು ವರ್ಷ ಎಚ್ಚರದಿಂದಿರಬೇಕು.

ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಸ್ರಾವ, ಮುಟ್ಟಿನ ನಡುವೆ ಅಥವಾ ದಾಂಪತ್ಯದ ನಂತರ ರಕ್ತ, ವರ್ಷ ನಿಂತು ಮತ್ತೆ ಕಂಡ ಒಂದು ಹನಿ ರಕ್ತ, ಇವುಗಳಿಗೆ ಕಾಯಬಾರದು. ಖರ್ಚಿನ ಚಿಂತೆಯಿರುವವರಿಗೆ ನಗರದಲ್ಲಿ ಸರ್ಕಾರದ ಚೆಲುವಾಂಬ ಆಸ್ಪತ್ರೆಯಿದೆ. ಹೋಗುವಾಗ ಮುಟ್ಟಿನ ದಿನಗಳ ಲೆಕ್ಕ ಒಯ್ದರೆ ವೈದ್ಯರಿಗೆ ಅರ್ಧ ಕೆಲಸ ಕಡಿಮೆ.

ಸರಸ್ವತಿಪುರಂನ ಆ ಮನೆಯಲ್ಲಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತುಗಳಿವೆ. ಬೆವರು ಇನ್ನೂ ನಿಂತಿಲ್ಲ. ಮೊನ್ನೆ ಹೋದಾಗ ಯಜಮಾನರೇ ಕಾಫಿ ತಂದಿಟ್ಟು, ‘ಇವಳಿಗೆ ರಾತ್ರಿ ನಿದ್ದೆಯಾಗಿಲ್ಲ, ಮಲಗಿದ್ದಾಳೆ’ ಎಂದು ಮೆಲುದನಿಯಲ್ಲಿ ಹೇಳಿದರು.