ಮನೆಯ ಅಂತರ್ಜಾಲಕ್ಕೆ ಹೊಸ ವಿಳಾಸ

ಕುಂದಗೋಳದ ಒಂದು ಮನೆ ಎಂದಿಟ್ಟುಕೊಳ್ಳಿ. ಮಗಳು ಕಾಲೇಜಿನ ಅರ್ಜಿ ತುಂಬುತ್ತಿದ್ದಾಳೆ. ಇಂದೇ ಕೊನೆಯ ದಿನ. ಪರದೆಯ ಮೇಲೆ ಉತ್ತರ ಮೂಡುತ್ತದೆ: ‘ಈ ಐಪಿ ವಿಳಾಸದಿಂದ ಮಿತಿಮೀರಿದ ಕೋರಿಕೆಗಳು ಬಂದಿವೆ.’ ಅವಳು ಕಳಿಸಿದ್ದು ಒಂದೇ ಅರ್ಜಿ. ಹಾಗಾದರೆ ತಪ್ಪು ಯಾರದು?

ಐಪಿ ವಿಳಾಸವೆಂದರೆ ಅಂತರ್ಜಾಲದಲ್ಲಿ ನಿಮ್ಮ ಮನೆಯ ಅಂಚೆ ವಿಳಾಸವಿದ್ದಂತೆ. ಆದರೆ ಇದು ಸ್ವಂತದ್ದಲ್ಲ, ಬಾಡಿಗೆಯದು. ಸೇವಾ ಸಂಸ್ಥೆಯು ತನ್ನ ಬಳಿಯ ವಿಳಾಸಗಳಲ್ಲಿ ಒಂದನ್ನು ನಿಮ್ಮ ಮೋಡೆಮ್‌ಗೆ ತಾತ್ಕಾಲಿಕವಾಗಿ ಕೊಟ್ಟಿರುತ್ತದೆ.

ಹೊಸದು ಬೇಕಾದರೆ ಹೀಗೆ ಮಾಡಿ. ‘ನನ್ನ ಐಪಿ ವಿಳಾಸ ಯಾವುದು’ ಎಂದು ಶೋಧಯಂತ್ರದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಮೋಡೆಮ್ ಆರಿಸಿ, ಹತ್ತು ನಿಮಿಷ ಬಿಟ್ಟು ಹಚ್ಚಿ, ಮತ್ತೆ ಕೇಳಿ. ಎಷ್ಟೋ ಸಲ ಇಷ್ಟೇ ಸಾಕು. ಹಳೆಯದೇ ಮರಳಿದರೆ ಬಾಡಿಗೆಯ ಅವಧಿ ಮುಗಿದಿರಲಿಕ್ಕಿಲ್ಲ. ರಾತ್ರಿಯಿಡೀ ಆರಿಸಿ ನೋಡಿ. ಬರೀ ಫೋನನ್ನು ಆರಿಸಿದರೆ ಪ್ರಯೋಜನವಿಲ್ಲ. ಅದರಲ್ಲಿ ಕಾಣುವ 192.168 ಎಂಬ ಸಂಖ್ಯೆ ಮನೆಯೊಳಗಿನ ಕೋಣೆಯದು, ಬೀದಿಯದಲ್ಲ.

ಇಲ್ಲೊಂದು ತೊಡಕಿದೆ. ಹಳೆಯ ಪದ್ಧತಿಯ ವಿಳಾಸಗಳು 32 ಬಿಟ್‌ನವು. ಒಟ್ಟು ಸುಮಾರು 429 ಕೋಟಿ. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಹೀಗಾಗಿ ಅನೇಕ ಸಂಸ್ಥೆಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ನಮ್ಮ ನಾಡಿಗೇರ ವಾಡೆಯನ್ನು ನೆನೆಯಿರಿ: ಒಳಗೆ ಕೋಣೆಗಳೆಷ್ಟೇ ಇರಲಿ, ಹೊರಗಿನವರಿಗೆ ಅದು ಒಂದೇ ವಾಡೆ. ಮೋಡೆಮ್‌ನ ಪುಟದಲ್ಲಿ ಹೊರಸಂಪರ್ಕದ ವಿಳಾಸ 100.64ರಿಂದ 100.127ರೊಳಗೆ ಆರಂಭವಾಗಿದ್ದರೆ ನೀವೂ ಅಂಥ ವಾಡೆಯಲ್ಲಿದ್ದೀರಿ. ಯಾರೋ ಮಾಡಿದ ಗದ್ದಲಕ್ಕೆ ನಿಮ್ಮ ಮಗಳ ಅರ್ಜಿಯೂ ತಡೆಯಲ್ಪಡುತ್ತದೆ. ಆಗ ಮೋಡೆಮ್ ಆರಿಸಿದರೂ ಹೊರಗಿನ ವಿಳಾಸ ಬದಲಾಗುವ ಖಾತ್ರಿಯಿಲ್ಲ.

ಆ ಹೊತ್ತಿಗೆ ಸುಲಭೋಪಾಯವೆಂದರೆ ಮೊಬೈಲ್ ಡೇಟಾ. ಅದರ ದಾರಿ ಬೇರೆ, ವಿಳಾಸವೂ ಬೇರೆ. ಬಳಿಕ ಸಂಸ್ಥೆಯವರನ್ನು ಪ್ರತ್ಯೇಕ ವಿಳಾಸಕ್ಕಾಗಿ ಕೇಳಿ. 128 ಬಿಟ್‌ನ ಹೊಸ ಪದ್ಧತಿ, ಅಂದರೆ ಐಪಿವಿ6, ಲಭ್ಯವಿದೆಯೇ ಎಂದೂ ವಿಚಾರಿಸಿ. ಅದರಲ್ಲಿ ವಿಳಾಸಗಳ ಕೊರತೆಯಿಲ್ಲ. ಹೊಸ ವಿಳಾಸಕ್ಕೂ ಬೇಗನೆ ತಡೆ ಬಿದ್ದರೆ ಮನೆಯ ಯಾವುದಾದರೂ ಯಂತ್ರಕ್ಕೆ ವೈರಸ್ ತಗುಲಿದೆಯೇ ಪರೀಕ್ಷಿಸಿ.

ಒಂದು ಎಚ್ಚರಿಕೆ: ಹೊಸ ವಿಳಾಸ ಮುಖವಾಡವಲ್ಲ. ಯಾವ ವಿಳಾಸ ಯಾವಾಗ ಯಾರ ಬಳಿ ಇತ್ತೆಂಬ ದಾಖಲೆ ಸಂಸ್ಥೆಯಲ್ಲಿ ಉಳಿಯುತ್ತದೆ.

ಕೊನೆಯದಾಗಿ, ಸಂಸ್ಥೆಯ ದೂರವಾಣಿ ಸಂಖ್ಯೆಯನ್ನು ಮೋಡೆಮ್ ಮೇಲೆಯೇ ಬರೆದಂಟಿಸಿ. ಅರ್ಜಿಯನ್ನು ಮಾತ್ರ ಕೊನೆಯ ದಿನಕ್ಕೆ ಉಳಿಸಿಕೊಳ್ಳಬೇಡಿ.